ವಿಮಾನಕ್ಕೆ ನೀರಿನ ತೊಟ್ಟಿ

ಜಪಾನಿನವರು ರಂಗೂನಿಗೆ ನುಗ್ಗಿದ ವರ್ಷ, ಗುಮ್ಮಳಾಪುರದ ಕೊಂಡಪ್ಪನ ರಾಗಿಹೊಲವನ್ನು ವಿಮಾನ ಇಳಿಯುವ ಸಲುವಾಗಿ ಸರ್ಕಾರವು ವಶಪಡಿಸಿಕೊಂಡಿತು. ಜಿಲ್ಲೆಯ ಉತ್ತರದ ಮೂಲೆಯಲ್ಲಿ ಇಂಥ ಮೈದಾನ ಇನ್ನೊಂದಿತ್ತು, ಡೆಂಕಣಿಕೋಟೆಯ ಕಾಡಂಚಿನಲ್ಲಿ. ಕೊಂಡಪ್ಪನದರಲ್ಲಿ ಆಡು ಇಳಿಯುತ್ತಿದ್ದವು, ಅದರಲ್ಲಿ ಆನೆ.

ಆಮೇಲೆ ಮೇಲಿನಿಂದ ಹುಕುಂ ಬಂತು. ಎರಡು ಮೈದಾನಗಳ ನಡುವಣ ಹಾರಾಟದ ದೂರವನ್ನೂ ಕಾಲವನ್ನೂ ಪ್ರಯಾಣ ಮಾಡಿಯೇ ತಿಳಿಸತಕ್ಕದ್ದು. ತೀರಾ ಹತ್ತಿರವಿದ್ದಲ್ಲಿ ಗುಮ್ಮಳಾಪುರದ್ದನ್ನು ರೈತನಿಗೆ ಹಿಂದಿರುಗಿಸತಕ್ಕದ್ದು.

ಕೊಂಡಪ್ಪನ ಹೆಂಡತಿ ಕದಿರಮ್ಮ ಅಂದೇ ಬಿತ್ತನೆ ರಾಗಿ ಕೇರಿಟ್ಟಳು.

ಪರೀಕ್ಷೆಗೆ ರೆವಿನ್ಯೂ ಇನ್ಸ್‌ಪೆಕ್ಟರ್ ಮುನಿಕೃಷ್ಣಪ್ಪನವರು ಬಂದರು. ವಿಮಾನ ಬರಲಿಲ್ಲ. ವಿಮಾನ ಒದಗದ ಪಕ್ಷದಲ್ಲಿ ಊರಿನಲ್ಲಿ ದೊರೆಯುವ ವಾಹನವನ್ನೇ ವಿಮಾನವೆಂದು ಭಾವಿಸತಕ್ಕದ್ದೆಂದು ನಿಯಮವಿತ್ತು.

"ಗಾಡಿ ಹಾರಾಕಿಲ್ಲ, ಸ್ವಾಮಿ," ಅಂದ ಕೊಂಡಪ್ಪ.

"ಹಾರಬೇಕು ಅಂತ ಹುಕುಮ್ಮಿನಲ್ಲಿಲ್ಲ. ಎತ್ತು ಹೂಡ್ಲಾ."

ಬೇಗ ಹೋದಷ್ಟೂ ಹೊಲ ಕೈಗೆ ಹತ್ತಿರ. ಕೊಂಡಪ್ಪ ಬಾಲ ತಿರುಚಿ ಓಡಿಸಿದ. ಇನ್ಸ್‌ಪೆಕ್ಟರರ ರುಮಾಲು ಹಾರಿ ಬೇಲಿಗೆ ಬಿತ್ತು. ಅದನ್ನು ಬಿಡಿಸಿಕೊಂಡ ಹೊತ್ತೂ ಹಾರಾಟಕ್ಕೇ ಸೇರಿತು. ಅರ್ಧ ದಾರಿಯಲ್ಲಿ ಎತ್ತುಗಳ ಬಾಯಲ್ಲಿ ನೊರೆ ಬಂದು, ಭಾಮೈದ ಬಚ್ಚಪ್ಪನ ಹೊಲದ ಬಳಿ ನಿಂತೇಬಿಟ್ಟವು. ಕೊಂಡಪ್ಪ ಎತ್ತು ಬಿಚ್ಚಿ ನೀರು ಕುಡಿಸಿ ಹುಲ್ಲು ಹಾಕಿದ.

ಆಗ ತಲೆಯ ಮೇಲೆ ನಿಜವಾದ ವಿಮಾನವೊಂದು ಹೋಯಿತು.

"ಅಗೋ ಸ್ವಾಮಿ! ನೀವು ನಶ್ಯ ಏರ್ಸೋದ್ರೊಳಗೆ ಡೆಂಕಣಿಕೋಟೆ ದಾಟ್ಬುಡ್ತು. ಅದನ್ನ ಬರ್ಕೊಳ್ಳಿ!"

"ಅದು ನಮ್ಮ ಪರೀಕ್ಷೆಗೆ ಸೇರಿದ್ದಲ್ಲ ಕಣ್ಲಾ. ಯಾರ ಅಪ್ಪಣೆ ಮೇಲೆ ಹೊರಟಿತೋ!"

ಸಂಜೆಗೆ ಕಾಡಂಚಿನ ದಾರಿಯಲ್ಲಿ ಆನೆಗಳು ನಿಂತಿದ್ದವು. ಅವು ಬೆಳಗಿನವರೆಗೆ ಕದಲಲಿಲ್ಲ.

ಇನ್ಸ್‌ಪೆಕ್ಟರರು ವರದಿ ಕಳಿಸಿದರು: ಹಾರಾಟದ ಕಾಲ ಒಂದು ಹಗಲು, ಒಂದು ರಾತ್ರಿ. ಆದ್ದರಿಂದ ಎರಡು ಮೈದಾನಗಳೂ ಅತ್ಯಗತ್ಯ. ನಡುವೆ ದಣಿವಾರಿಸಿಕೊಳ್ಳದೆ ವಿಮಾನವು ಈ ದೂರವನ್ನು ಕ್ರಮಿಸಲಾರದು. ನೀರು, ಹುಲ್ಲಿನ ಏರ್ಪಾಡಾಗತಕ್ಕದ್ದು.

ಸರ್ಕಾರ ಒಪ್ಪಿತು. ಬಚ್ಚಪ್ಪನ ಹೊಲವೂ ಹೋಯಿತು. ಅವನು ಅಕ್ಕನ ಮನೆ ಬಾಗಿಲಿಗೆ ಬಂದು ನಿಂತ.

"ಏನ್ ಭಾವ, ಎತ್ತು ಬಿಚ್ಚಾಕೆ ನನ್ನ ಹೊಲಾನೇ ಬೇಕಿತ್ತಾ? ನಿನ್ನೆತ್ತಿಗೆ ಬಾಯಾರ್ದಿದ್ದಕ್ಕೆ ನನ್ನ ಅನ್ನ ಹೋಗ್ಬುಡ್ತಲ್ಲಾ!"

"ನಾನೇನ್ಲಾ ಮಾಡ್ಲಿ, ಅವೇ ನಿಂತ್ಕೊಂಡ್ವು," ಅಂದ ಕೊಂಡಪ್ಪ.

"ಬಾಯಿ ಮುಚ್ಕೊಂಡು ಒಳಕ್ಕೆ ಬರ್ರಿ ಇಬ್ರೂವೆ," ಅಂದಳು ಕದಿರಮ್ಮ. "ಬಿತ್ತನೆ ರಾಗಿ ಬೀಸಿ ಮುದ್ದೆ ಮಾಡಿವ್ನಿ."

ಬಚ್ಚಪ್ಪನ ಹೊಲದಲ್ಲಿ ಕಲ್ಲಿನ ತೊಟ್ಟಿ ಕಟ್ಟಿದರು. ನೀರು ತುಂಬಲು ಕೊಂಡಪ್ಪನನ್ನೂ ಹುಲ್ಲು ಹಾಕಲು ಬಚ್ಚಪ್ಪನನ್ನೂ ನೇಮಿಸಿದರು.

ಯುದ್ಧ ಮುಗಿದ ಮೇಲೆ ಮುನಿಕೃಷ್ಣಪ್ಪನವರು ತನಿಖೆಗೆ ಬಂದರು.

"ವಿಮಾನ ಬಂತೇನ್ಲಾ?"

"ಇನ್ನೂ ಇಲ್ಲ, ಸ್ವಾಮಿ."

"ದಾರೀಲಿರಬೇಕು," ಅಂದರು ಅವರು.

"ಆನೆ ಅಡ್ಡ ನಿಂತಿರ್ತಾವೆ," ಅಂದ ಬಚ್ಚಪ್ಪ, ಹಳೇ ಹುಲ್ಲು ತೆಗೆದು ಹೊಸದು ಹಾಕುತ್ತ.

ಕೊಂಡಪ್ಪ ತೊಟ್ಟಿ ತುಂಬಿದ.