ಹನ್ನೆರಡು ತಂತಿಯ ಅಳಿಯ

ಕೆಲವರು ನಾಯಿ ಸಾಕಿ ಪೇಚಿಗೆ ಸಿಗುತ್ತಾರೆ, ನಾನು ಮ್ಯಾಂಡೊ-ಗಿಟಾರ್ ಸಾಕಿ ದಿನಕ್ಕೊಂದು ಪೇಚಿಗೆ ಸಿಗುತ್ತೇನೆ. ಹಿಡಿಯುವುದು ಗಿಟಾರಿನ ಹಾಗೆ, ಗಾತ್ರ ಮ್ಯಾಂಡೊಲಿನ್‌ನಷ್ಟು, ಜೋಡಿ ಜೋಡಿಯಾಗಿ ಹನ್ನೆರಡು ತಂತಿ. ದನಿ ಮಾತ್ರ ಗಿಟಾರಿಗಿಂತ ಒಂದು ಸಪ್ತಕ ಮೇಲೆ. ಅಷ್ಟು ಬಿಗಿದ ತಂತಿ ಯಾವಾಗ ಹರಿಯುತ್ತದೋ ದೇವರಿಗೇ ಗೊತ್ತು.

ಜಗತ್ ಸರ್ಕಲ್ಲಿನ ಅಂಗಡಿಯಲ್ಲಿ

ಕಮಲಾಪುರದಲ್ಲಿ ಭಾವಮೈದುನನ ಹೊಸ ಮನೆಯ ಪ್ರವೇಶ. ಸಂಜೆ ಮಾವನವರ ಭಜನೆ, ಅಳಿಯನೂ ನುಡಿಸಬೇಕೆಂದು ಅವರ ಅಪ್ಪಣೆ. ಹೆಂಡತಿ ಎಚ್ಚರಿಸಿದಳು: "ಭಜನ್ಯಾಗ ತಂತಿ ಹರದ್ರ ಮನಿಗಿ ಅಪಶಕುನ ಅಂತಾರ ಅಪ್ಪ. ಹರೀತಂದ್ರ ನಾ ತವರಿಗಿ ಮಾರಿ ಹ್ಯಾಂಗ ತೋರಿಸ್ಲಿ?"

ಹೊಸ ತಂತಿಗೆ ಜಗತ್ ಸರ್ಕಲ್ಲಿನ ವಾದ್ಯದಂಗಡಿಗೆ ಓಡಿದೆ. ಅಂಗಡಿಯವರು ವಾದ್ಯವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಗಿಟಾರ್ ತಂತಿ ಇದಕ್ಕ ದಪ್ಪ ಆಗ್ತಾವ್ರಿ. ಮ್ಯಾಂಡೊಲಿನ್ ತಂತಿ ಕೂಡಂಗಿಲ್ಲ."

"ಮತ್ತೇನ್ ಮಾಡ್ಲಿ?"

"ಸ್ವಲ್ಪ ತಡೀರಿ. ಬೆಳದು ದೊಡ್ಡದಾದ ಮ್ಯಾಲ ತರ್ರಿ."

ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ

ಇದ್ದ ಹಳೆಯ ತಂತಿಗಳನ್ನೇ ಶ್ರುತಿ ಮಾಡಲು ಕೂತೆ, ಮೋರೆ ಪಕ್ಕಕ್ಕೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ. ತೆಳು ತಂತಿ ಹರಿದರೆ ನೇರ ಕಣ್ಣಿಗೇ ಬರುತ್ತದೆ. ಹೆಂಡತಿ ಬಾಗಿಲ ಹಿಂದೆ ಅಡಗಿದ್ದಳು. ತಂತಿ ಕಿಂಯ್ ಎಂದು ಏರುವಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯ ಖಾಲಾ ಕೂಗಿದರು: "ಭಾಯಿ, ಜರಾ ಠಹರೋ! ಸೀಟಿ ನಮ್ಮ ಕುಕ್ಕರ್ ಹೊಡೀತೋ, ನೀವು ಹೊಡದ್ರೋ ತಿಳೀವಲ್ದು!"

ಅವರ ಬೇಳೆ ಬೇಯುವ ತನಕ ನಮ್ಮ ಸಂಗೀತ ನಿಂತಿತು.

ಕಮಲಾಪುರದಲ್ಲಿ

ಮಾವನವರ ಮೇಳದಲ್ಲಿ ಒಂದು ರೂಢಿಯಿದೆ. ಭಕ್ತಿ ಏರಿದಂತೆ ಶ್ರುತಿಯನ್ನೂ ಏರಿಸುತ್ತಾರೆ. ಹಾರ್ಮೋನಿಯಂನವರಿಗೇನು, ಬೆರಳು ಸರಿಸಿದರೆ ಆಯಿತು. ನಾನು ತಂತಿ ಬಿಗಿಯುವ ಬಿರಡೆ ತಿರುವಬೇಕು.

ಎರಡನೆಯ ಪದಕ್ಕೆ ಶ್ರುತಿ ಏರಿತು. ಮೋರೆ ತಿರುಗಿಸಿ, ಕಣ್ಣು ಮುಚ್ಚಿ ತಂತಿ ಬಿಗಿದೆ. ಹಣೆಯಿಂದ ಬೆವರು ಇಳಿಯುತ್ತಿತ್ತು. ಹೆಂಗಸರ ಸಾಲಿನಲ್ಲಿ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮುಂದೆ ಕೂತಿದ್ದ ಅಜ್ಜಿಯೊಬ್ಬರು ನನ್ನನ್ನೇ ನೋಡಿ ಕೈ ಮುಗಿದರು. "ಅಳಿಯಂದಿರು ಮೈ ಮರತಾರ ನೋಡ್ರಿ!"

ಮಾವನವರ ಕಣ್ಣು ತುಂಬಿತು. "ಅವರ ಭಕ್ತಿ ಇಳೀಬಾರದು. ಶ್ರುತಿ ಇನ್ನೊಂದು ಪಟ್ಟಿ ಏರಸ್ರಿ!"

ನಾನು ಮತ್ತೆ ಕಣ್ಣು ಮುಚ್ಚಿದೆ. ಅವರು ಮತ್ತೆ ಏರಿಸಿದರು. ಹೆದರಿದಷ್ಟೂ ನಾನು ಭಕ್ತನಾಗುತ್ತಾ ಹೋದೆ. ಸತ್ಯ ಹೇಳುತ್ತೇನೆ, ಅವತ್ತು ಆ ತಂತಿಗಾಗಿ ಬೇಡಿಕೊಂಡಷ್ಟು ನಾನು ಯಾವತ್ತೂ ದೇವರನ್ನು ಬೇಡಿಕೊಂಡಿಲ್ಲ.

ಕಡೆಗೂ ಮಂಗಳಾರತಿ ಆಯಿತು. ತಂತಿ ಉಳಿಯಿತು. ಹೆಂಡತಿ ಮೊದಲ ಸಲ ನಕ್ಕಳು.

"ಕೊಡ್ರಿ ಇಲ್ಲಿ, ಇದರಾಗ ಏನ್ ಮಹಿಮಾ ಅದ ನೋಡ್ತೀನಿ" ಎಂದು ಮಾವನವರು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಬೇಡವೆನ್ನುವಷ್ಟರಲ್ಲಿ ಬಿರಡೆ ತಿರುವಿದರು.

ಟಣ್!

ಎಲ್ಲರೂ ಮಾವನವರನ್ನೇ ನೋಡಿದರು. ಅವರು ಜೋತುಬಿದ್ದ ತಂತಿ ನೋಡಿದರು, ಮಗನ ಮುಖ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಮಂಗಳಾರತಿ ಆದ ಮ್ಯಾಲ, ಅದೂ ಹಿರಿಯರ ಕೈಯಾಗ ಹರದ್ರ, ಭಾಳ ಚಲೋ ಶಕುನ. ಬಾಳಿಹಣ್ಣು ಹಂಚ್ರಿ!"