ರಾಹುಕಾಲಕ್ಕೆ ಮುಂಚೆ ಲಿನಕ್ಸ್

ಆಪರೇಟಿಂಗ್ ಸಿಸ್ಟಮ್ ಬದಲಾಯಿಸುವುದರಲ್ಲಿ ಅಮೆರಿಕದ ನಮ್ಮ ಊರು ಫೋರ್ಟ್ ಲೀಯಲ್ಲೆಲ್ಲ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ಹೆಮ್ಮೆ. ಮೈಸೂರಿನಲ್ಲಿ ಕಪ್ಪು ಪರದೆಯ ಡಾಸ್‌ನಿಂದ ಶುರುಮಾಡಿದವನು ನಾನು. ಆಮೇಲೆ ಬಂದ ವಿಂಡೋಸ್‌ಗಳನ್ನೆಲ್ಲ ಒಂದೂ ಬಿಡದೆ ಮನೆ ತುಂಬಿಸಿಕೊಂಡೆ. ಅಮೆರಿಕಕ್ಕೆ ಬಂದ ಮೇಲೆ ಲಿನಕ್ಸ್ ಹುಚ್ಚು ಹತ್ತಿತು. ಅದರಲ್ಲಿ ಎಷ್ಟು ಬಗೆ ಉಂಟೋ ಅಷ್ಟನ್ನೂ ಹಾಕಿ, ನೋಡಿ ಆನಂದಿಸಿ, ತೆಗೆದಿದ್ದೇನೆ.

"ಹಾಕ್ಕೊಂಡು ಏನ್ರೀ ಮಾಡ್ತೀರ?" ಎಂದು ಹೆಂಡತಿ ವಾಣಿ ಕೇಳುತ್ತಿದ್ದಳು.

ಏನು ಮಾಡುವುದು ಎಂದರೇನು? ಹಾಕುವುದೇ ಮಾಡುವುದು!

ಎರಡು ಸಾವಿರದ ಎಂಟರಲ್ಲಿ ಇಲ್ಲಿನ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿ, ಕಟ್ಟಡ ಕಟ್ಟುವವರೆಲ್ಲ ಕೈಕಟ್ಟಿ ಕುಳಿತರು. ಆರ್ಕಿಟೆಕ್ಟ್ ಆಗಿದ್ದ ವಾಣಿಯ ಕೆಲಸವೂ ಹೋಯಿತು. ಐದು ತಿಂಗಳು ಕಾದ ಮೇಲೆ ಹತ್ತಿರದ ಊರು ಹೋಬೋಕನ್‌ನ ಒಂದು ಆಫೀಸಿನವರು ಸೋಮವಾರ ಬೆಳಿಗ್ಗೆ ಇಂಟರ್‌ವ್ಯೂಗೆ ಕರೆದರು. ಅವಳು ಬರೆದ ಮನೆಗಳ ನಕ್ಷೆಗಳೆಲ್ಲ ನಮ್ಮ ಕಂಪ್ಯೂಟರಿನಲ್ಲೇ ಇದ್ದವು. ಅಲ್ಲಿ ತೋರಿಸಲೆಂದು ಅವಳು ಭಾನುವಾರ ಮಧ್ಯಾಹ್ನ ಪ್ರಿಂಟ್ ತೆಗೆಯಲು ಕುಳಿತರೆ ಕಂಪ್ಯೂಟರ್ ಆಮೆಯ ಹಾಗೆ ತೆವಳಿತು.

"ಏಳೇ, ಒಂದು ಗಂಟೆ ಕೊಡು. ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಕೂರಿಸ್ತೀನಿ. ರಾಕೆಟ್ ಥರ ಓಡುತ್ತೆ!"

"ಇವತ್ತೇ ಆಗ್ಬೇಕಾ? ಬ್ಯಾಕಪ್ ತಗೊಂಡ್ರಾ?"

"ಇಪ್ಪತ್ತು ಸಲ ಮಾಡಿದೀನಿ ಕಣೆ. ನಂಗೆ ಯಾವ ಬ್ಯಾಕಪ್ಪು?"

ಅವಳು ಫ್ರಿಜ್ ಮೇಲಿನ ದೇವಸ್ಥಾನದ ಕ್ಯಾಲೆಂಡರ್ ನೋಡಿದಳು. "ಹಾಗಾದ್ರೆ ನಾಲ್ಕೂವರೆ ಒಳಗೆ ಸ್ಟಾರ್ಟ್ ಮಾಡ್ಬಿಡಿ. ಆಮೇಲೆ ರಾಹುಕಾಲ."

ನಾನು ವಿಜ್ಞಾನವನ್ನು ನಂಬುವವನು. ಆದರೆ ಹೆಂಡತಿಯ ಕೆಲಸದ ವಿಷಯ, ರಾಹುವನ್ನು ಯಾಕೆ ಕೆಣಕಬೇಕು? ಸಿಡಿ ಹುಡುಕಿ ಹಾಕುವಷ್ಟರಲ್ಲಿ ನಾಲ್ಕು ಇಪ್ಪತ್ತೆಂಟು. ಪರದೆಯ ಮೇಲೆ ಪ್ರಶ್ನೆಗಳ ಸುರಿಮಳೆ. ಓದುತ್ತ ಕುಳಿತರೆ ರಾಹು ಬಂದೇಬಿಡುತ್ತಾನೆ! ಹೂಂ, ಹೂಂ ಎಂದು ಎಲ್ಲದಕ್ಕೂ ಎಂಟರ್ ಒತ್ತಿದೆ. ನಾಲ್ಕು ಇಪ್ಪತ್ತೊಂಬತ್ತಕ್ಕೆ ಸರಿಯಾಗಿ ಕಾರ್ಯ ಆರಂಭವಾಯಿತು. ಕೊನೆಯ ಪ್ರಶ್ನೆ "ಡಿಸ್ಕ್ ಪೂರ್ತಿ ಅಳಿಸಲೇ?" ಎಂಬುದಾಗಿತ್ತೆಂದು ಅದು ಅಳಿಸತೊಡಗಿದ ಮೇಲೆ ತಿಳಿಯಿತು.

ಲಿನಕ್ಸ್ ಅದ್ಭುತವಾಗಿ ಬಂತು. ರಾಕೆಟ್ಟೇ! ಒಳಗೆ ಮಾತ್ರ ಒಂದು ನಕ್ಷೆಯೂ ಇರಲಿಲ್ಲ.

ವಾಣಿಗೆ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ.

"ಸ್ವಲ್ಪ ಹೊತ್ತು ನನ್ನ ಮಾತಾಡಿಸ್ಬೇಡಿ" ಎಂದಷ್ಟೇ ಹೇಳಿ, ಪೆನ್ಸಿಲ್, ಸ್ಕೇಲು, ದೊಡ್ಡ ಹಾಳೆಗಳನ್ನು ಹಿಡಿದು ಊಟದ ಮೇಜಿಗೆ ಕುಳಿತಳು. ನೆನಪಿನಿಂದಲೇ ಒಂದೊಂದಾಗಿ ಮೂರು ಮನೆ ಬರೆದಳು, ಮೆಟ್ಟಿಲು, ಕಿಟಕಿ ಒಂದೂ ತಪ್ಪದಂತೆ. ಪೆನ್ಸಿಲ್ ಹೆರೆದುಕೊಡಲು ಮಾತ್ರ ನನಗೆ ಅನುಮತಿಯಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ಇವಳು ನನ್ನ ಹೆಂಡತಿ ಎಂದು ಅಂದು ಪಟ್ಟಷ್ಟು ಹೆಮ್ಮೆಯನ್ನು ಯಾವ ಸಿಸ್ಟಮ್ ಹಾಕಿದಾಗಲೂ ಪಟ್ಟಿರಲಿಲ್ಲ.

ಇಂಟರ್‌ವ್ಯೂನಲ್ಲಿ "ಇದನ್ನೆಲ್ಲ ಕೈಯಲ್ಲೇ ಯಾಕೆ ಬರೆದಿರಿ?" ಎಂದು ಕೇಳಿದರಂತೆ. ಅವಳು ನನ್ನ ಸಾಹಸವನ್ನು ರಾಹುವಿನ ಸಮೇತ ವಿವರಿಸಿದಳಂತೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ನಕ್ಷೆಗಳನ್ನು ಇನ್ನೊಮ್ಮೆ ನೋಡಿ, ಕೆಲಸ ಕೊಟ್ಟರು.

"ನೋಡಿದ್ಯಾ? ನಾನು ಅಳಿಸದೇ ಇದ್ದಿದ್ರೆ ಈ ಕೆಲಸ ಸಿಗ್ತಿತ್ತಾ?" ಎಂದು ಎದೆಯುಬ್ಬಿಸಿ ಕೇಳಿದೆ.

"ಇಲ್ಲಾರೀ, ಎಲ್ಲಾ ನಿಮ್ಮ ದಯೆ" ಎಂದಳು.

ಆಫೀಸಿನವರು ಅವಳಿಗೊಂದು ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಅದರಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದೆಯೆಂದು ನನಗೆ ಇಂದಿಗೂ ಗೊತ್ತಿಲ್ಲ. ನಾನು ಕೋಣೆಗೆ ಕಾಲಿಟ್ಟ ಕೂಡಲೇ ಅವಳು ಅದನ್ನು ಮುಚ್ಚಿ, ಮೇಲೆ ಕುಳಿತುಬಿಡುತ್ತಾಳೆ!