ಪಾಸ್‌ವರ್ಡ್ ಹುದ್ದೆಯಿಂದ ಚೌಡಮ್ಮ ತಾಯಿಯವರನ್ನು ಬಿಡುಗಡೆ ಮಾಡುವ ಬಗ್ಗೆ

ಇಂದ:
ಪುಟ್ಟಸ್ವಾಮಿ ಬಿನ್ ಲೇಟ್ ಬೋರಯ್ಯ,
ಕಬ್ಬು ಕಟಾವು ವಿಭಾಗದ ನಿವೃತ್ತ ಗುಮಾಸ್ತ,
ಕಟ್ಟೆಕೊಪ್ಪಲು, ಭಾರತೀನಗರ ಅಂಚೆ, ಮದ್ದೂರು ತಾಲ್ಲೂಕು.

ಗೆ:
ಶ್ರೀ ಕಟ್ಟೆ ಚೌಡಮ್ಮ ತಾಯಿಯವರು,
ಗರ್ಭಗುಡಿ, ಕಟ್ಟೆಕೊಪ್ಪಲು.
(ಸೂಕ್ತ ಮಾರ್ಗ: ಪೂಜಾರಿ ಶಿವಯ್ಯನವರ ಮೂಲಕ)

ವಿಷಯ: ಅರ್ಜಿದಾರನ ಕೊಟ್ಟಿಗೆ ಕ್ಯಾಮೆರಾದ ಪಾಸ್‌ವರ್ಡ್ ಹುದ್ದೆಯಿಂದ ತಮ್ಮನ್ನು ಸಕಲ ಗೌರವಗಳೊಂದಿಗೆ ಬಿಡುಗಡೆ ಮಾಡಿ, ಸದರಿ ಹುದ್ದೆಗೆ ಒಂದು ಬೈಗುಳವನ್ನು ನೇಮಿಸಿಕೊಳ್ಳಲು ಬಲಗಡೆ ಹೂವಿನ ಅಪ್ಪಣೆ ಕೋರಿ.

ಉಲ್ಲೇಖ:
೧) ಸೊಸೆ ಅರ್ಪಿತಳ ಮೌಖಿಕ ಆದೇಶ, ಅಡಿಗೆಮನೆ ಬಾಗಿಲಿನಿಂದ.
೨) ಹೆಂಡತಿ ಯಶೋದಮ್ಮಳ ಆಕ್ಷೇಪಣೆ, ಅದೇ ಬಾಗಿಲಿನಿಂದ.
೩) ಗೋಡೆಯಾಚೆಯಿಂದ ಬಂದ ಒಂದು ಕೂಗು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರ ಪುಟ್ಟಸ್ವಾಮಿಯು ತಮ್ಮ ಪಾದಕ್ಕೆ ಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಅರ್ಜಿದಾರನು ಒಂದು ಬಂಡೂರು ಟಗರನ್ನು ಸಾಕಿರುತ್ತಾನೆ. ಸುತ್ತಮುತ್ತ ಟಗರು ಕಳ್ಳರ ಕಾಟ ಹೆಚ್ಚಿದ ಕಾರಣ, ಮದ್ದೂರಿನಿಂದ ಅಕೀಲ್ ಎಂಬ ಫಿಟ್ಟಿಂಗ್‌ನವರನ್ನು ಕರೆಸಿ ಕೊಟ್ಟಿಗೆಯ ತೊಲೆಗೆ ವೈಫೈ ಕ್ಯಾಮೆರಾ ಹಾಕಿಸಲಾಯಿತು. ಮೊಬೈಲ್ ನಂಬರು, ಪಾಸ್‌ವರ್ಡು ಎರಡೂ ಒತ್ತಿದರೆ ಯಾರ ಮೊಬೈಲಿನಲ್ಲಾದರೂ ಟಗರಿನ ದರ್ಶನವಾಗುತ್ತದೆ. "ಪಾಸ್‌ವರ್ಡ್ ಏನ್ ಹಾಕ್ಲಿ ಯಜಮಾನ್ರೇ?" ಎಂದು ಅಕೀಲ್ ಕೇಳಲಾಗಿ, "ತಾಯಿ ಎಸ್ರೇ ಆಕಪ್ಪ, ಅವ್ಳೇ ಕಾಯ್ಲಿ" ಎಂದು ಅರ್ಜಿದಾರನು ಹೇಳಿದ್ದು ನಿಜ. ತಮ್ಮ ಹೆಸರಿನ ಮುಂದೆ ಒಂದು-ಎರಡು-ಮೂರು ಸೇರಿಸಿದ್ದು ಅಕೀಲ್. ಹೋಗುವಾಗ ಅವರು "ಮರೀದೆ ಬದಲಾಯಿಸ್ಕಳಿ" ಎಂದರು. ಅರ್ಜಿದಾರನು ಮರೆತನು.

೨. ತಾವು ಈ ಊರಿಗೆಲ್ಲ ಮನೆದೇವರು. ಆದ್ದರಿಂದ ಊರಿನ ಯಾವ ಮನೆಯ ವೈಫೈ ಪೆಟ್ಟಿಗೆಯನ್ನು ಕೆಣಕಿದರೂ ಒಳಗೆ ತಾವೇ ಕೂತಿರುತ್ತೀರಿ. ತಮ್ಮ ಹೆಸರು ಪ್ರತಿ ಟ್ರ್ಯಾಕ್ಟರಿನ ಹಿಂದೆ ಕೆಂಪು ಪೈಂಟಿನಲ್ಲಿ ಬರೆದಿದೆ. ಅಂದರೆ ಊರಿನ ಅಷ್ಟೂ ಜನರ ಪಾಸ್‌ವರ್ಡು ಕಬ್ಬಿನ ಲೋಡಿನ ಸಮೇತ ದಿನಾ ಭಾರತೀನಗರದ ಬಸ್ ಸ್ಟ್ಯಾಂಡ್ ಸುತ್ತಿಕೊಂಡು ಬರುತ್ತಿದೆ. ಇದು ತಮ್ಮ ತಪ್ಪಲ್ಲವೆಂದು ಅರ್ಜಿದಾರನು ಇಲ್ಲಿಯೇ ಸ್ಪಷ್ಟಪಡಿಸುತ್ತಾನೆ.

೩. ಇನ್ನು ಅರ್ಜಿದಾರನ ತಂದೆ ಬೋರಯ್ಯನವರು. ಸುತ್ತ ಹತ್ತಳ್ಳಿಗೆ ಹೆಸರಾದ ರಾಜಪಾರ್ಟಿನವರು, ನಾಟಕದಲ್ಲಿ ಗದೆ ಎತ್ತಿದರೆ ಮುಂದಿನ ಸಾಲಿನವರು ಹಿಂದಕ್ಕೆ ಸರಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಣ್ಣ ಕೆಂಪಸಿದ್ದಯ್ಯನಿಗೂ ಅರ್ಜಿದಾರನಿಗೂ ಪಾಲಾಯಿತು. ಗದ್ದೆ, ಮನೆ, ಎಮ್ಮೆ ಎಲ್ಲವೂ ಸುಸೂತ್ರವಾಗಿ ಹಂಚಿಹೋದವು. ಜಗಳ ಬಂದದ್ದು ಪಾರ್ಟಿನ ಸಾಮಾನಿಗೆ. ಪಂಚಾಯ್ತಿಯವರು ತಲೆ ಕೆರೆದುಕೊಂಡು ಗದೆಯನ್ನು ಅಣ್ಣನಿಗೂ ಕಿರೀಟವನ್ನು ತಮ್ಮನಿಗೂ ಕೊಟ್ಟರು. ಗದೆಯಿಲ್ಲದ ರಾಜನೂ ಆಗುವುದಿಲ್ಲ, ಕಿರೀಟವಿಲ್ಲದ ರಾಜನೂ ಆಗುವುದಿಲ್ಲ. ಕಾರಣ, ಊರಿನಲ್ಲಿ ನಾಟಕ ನಿಂತಿತು, ಎರಡು ಮನೆಯ ಮಧ್ಯೆ ಗೋಡೆ ಎದ್ದಿತು, ಅಣ್ಣತಮ್ಮಂದಿರ ಮಾತೂ ನಿಂತಿತು.

೪. ಈ ವರ್ಷ ಊರಿನವರು ಮತ್ತೆ ನಾಟಕ ಕಟ್ಟಿರುತ್ತಾರೆ. ರಾಜಪಾರ್ಟು ಅರ್ಜಿದಾರನ ಪಾಲಿಗೆ ಬಂದಿದೆ. ಆದ್ದರಿಂದ ಪ್ರತಿ ಬೆಳಗ್ಗೆ ಕೊಟ್ಟಿಗೆಯಲ್ಲಿ ಕಿರೀಟವಿಟ್ಟುಕೊಂಡು, ಗದೆಯ ಬದಲು ಒನಕೆ ಹಿಡಿದು, ಟಗರನ್ನೇ ಎದುರಾಳಿ ಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದಾನೆ. ಮಾತು ಬಾಯಿಗೆ ಬರುತ್ತದೆ, ಹೆಜ್ಜೆ ಕಾಲಿಗೆ ಬರುವುದಿಲ್ಲ. ಅಪ್ಪನ ಹೆಜ್ಜೆ ಗೊತ್ತಿರುವವನು ಈಗ ಒಬ್ಬನೇ, ಅವನು ಗೋಡೆಯಾಚೆ ಇದ್ದಾನೆ. ಹೋಗಿ "ಅಣ್ಣ" ಎನ್ನೋಣವೆಂದರೆ ನಾಲಿಗೆ ಏಳುವುದಿಲ್ಲ. ಊರ ಮುಂದೆ ಅಪ್ಪನ ಹೆಸರು ಕೆಡಿಸಿಬಿಡುತ್ತೇನೋ ಎಂಬ ಹೆದರಿಕೆ ಅರ್ಜಿದಾರನನ್ನು ಕಾಡುತ್ತಿದೆ.

೫. ಹೀಗಿರಲಾಗಿ ಒಂದು ಬೆಳಗ್ಗೆ ಗೋಡೆಯಾಚೆಯಿಂದ ಕೆಳಕಂಡ ಕೂಗು ಬಂದಿತು:

"ಲೇ ಪುಟ್ಟ! ಎಡಗಾಲು ಮುಂದ್ಕಾಕ್ಲಾ! ಗದೆ ಇಡ್ದಿದ್ದೀಯೋ, ಮಜ್ಜಿಗೆ ಕಡೀತಿದ್ದೀಯೋ?"

ಆ ಗೋಡೆ ಆಳೆತ್ತರ ದಾಟಿದೆ. ಕೊಟ್ಟಿಗೆಗೆ ಆ ಕಡೆ ಕಿಟಕಿ ಇಲ್ಲ. ಅರ್ಜಿದಾರನು ಬಾಯಿ ಬಿಟ್ಟುಕೊಂಡು ನಿಂತ ಸಮಯ ನೋಡಿ ಟಗರು ಗುದ್ದಿತು. ಅಂಗಾತ ಬಿದ್ದವನ ಕಣ್ಣಿಗೆ ತೊಲೆಯ ಮೇಲಿನ ಕ್ಯಾಮೆರಾ ಬಿದ್ದಿತು, ಆಗ ಸಂಗತಿ ಹೊಳೆಯಿತು. ಅಣ್ಣನ ಮನೆಗೂ ಕ್ಯಾಮೆರಾ ಹಾಕಿದ್ದು ಅದೇ ಅಕೀಲ್. ಅಲ್ಲಿಯ ಪಾಸ್‌ವರ್ಡಾಗಿ ಕೂತಿರುವುದೂ ತಾವೇ. ತಮ್ಮನ ನಂಬರು ಅಣ್ಣನಿಗೆ ಮೊದಲೇ ಬಾಯಿಪಾಠ; ಎರಡನ್ನೂ ಒತ್ತಿ ಈ ಕೊಟ್ಟಿಗೆಯನ್ನು ನೋಡುತ್ತಿದ್ದಾನೆ.

೬. ಕೋಪ ಬರಬೇಕಾಗಿತ್ತು, ಬರಲಿಲ್ಲ. ಮಾರನೇ ದಿನ ಅರ್ಜಿದಾರನು ಎಡಗಾಲು ಮುಂದಿಟ್ಟನು. ಆ ಕಡೆ ಸದ್ದಿಲ್ಲ. ಒನಕೆ ಎತ್ತುವಾಗ ಮೊಣಕೈ ಜಾರಿತು, ಆ ಕಡೆ ಒಂದು ಕೆಮ್ಮು. ಸರಿಮಾಡಿದ ಮೇಲೆ ಕೆಮ್ಮು ನಿಂತಿತು. ಅಂದಿನಿಂದ ಇದೇ ವ್ಯವಸ್ಥೆ ಜಾರಿಯಲ್ಲಿದೆ. ಇಬ್ಬರೂ ಮಾತಾಡಿಲ್ಲ, ಆದರೆ ಅಣ್ಣನ ಕೆಮ್ಮು ಕೇಳುವುದಕ್ಕೆಂದೇ ಅರ್ಜಿದಾರನು ಕೋಳಿ ಕೂಗುವ ಮೊದಲೇ ಏಳುತ್ತಿದ್ದಾನೆ.

೭. ಅಷ್ಟರಲ್ಲಿ, ಮದ್ದೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ, ಮಳವಳ್ಳಿಯ ಮಗಳಾದ ಸೊಸೆ ಅರ್ಪಿತ ಮಾವನ ಮೊಬೈಲು ನೋಡಿ ಬೆಚ್ಚಿಬಿದ್ದಳು. "ಮಾವ, ನಿಮ್ ಕ್ಯಾಮೆರಾ ಇನ್ಯಾರದೋ ಮೊಬೈಲ್‌ನಲ್ಲಿ ಓಪನ್ ಆಗೈತೆ! ಬಾಗ್ಲಿಗೆ ಬೀಗ ಜಡ್ದು ಕೀನ ಅಲ್ಲೇ ಚಿಲಕಕ್ಕೆ ನೇತಾಕಿದ್ದೀರಲ್ಲ!" ಎಂದಳು. ಒಂದೊಂದು ಬಾಗಿಲಿಗೆ ಒಂದೊಂದು ಕೀಲಿ, ಪಾಸ್‌ವರ್ಡು ಉದ್ದವಿರಬೇಕು, ನಡುವೆ ಅಂಕಿ ಇರಬೇಕು, ದೇವರ ಹೆಸರು, ಮೊಮ್ಮಕ್ಕಳ ಹೆಸರು ಕೂಡದು, ಯಾರೂ ಊಹಿಸಬಾರದು ಎಂದು ಆದೇಶಿಸಿದಳು. ಬ್ಯಾಂಕು, ಗ್ಯಾಸು, ವೈಫೈ ಪೆಟ್ಟಿಗೆಗಳಿಂದ ತಮ್ಮನ್ನು ಅಪ್ಪಣೆ ಕೇಳದೆ ಆ ಕ್ಷಣವೇ ಎಬ್ಬಿಸಿದಳು. ತಪ್ಪುಕಾಣಿಕೆ ಲಗತ್ತಿಸಿದೆ.

ಕ್ಯಾಮೆರಾಕ್ಕೆ ಕೈ ಹಾಕುವಾಗ ಯಶೋದಮ್ಮ ಅಡ್ಡ ಬಂದಳು. "ಚೌಡಮ್ಮನ್ನ ತಗ್ದಾಕಿ ಟಗರಿಗೇನಾರ ಆದ್ರೆ ನಿನ್ ಕಂಪ್ಯೂಟ್ರು ಬಂದು ಕಾಯ್ತದಾ? ರೀ, ಮೊದ್ಲು ಓಗಿ ಊವ ಕೇಳ್ಕಂಬನ್ನಿ" ಎಂದಳು. ಹೆಂಡತಿಯ ಮಾತಿಗೆ ಅರ್ಜಿದಾರನು ಇಷ್ಟು ಬೇಗ ಒಪ್ಪಿದ್ದು ಮದುವೆಯಾದ ಮೇಲೆ ಇದೇ ಮೊದಲು. ಆ ಇನ್ನೊಂದು ಮೊಬೈಲು ಯಾರದೆಂದು ಅರ್ಪಿತ ಕೇಳಿದಳು. ಅರ್ಜಿದಾರನು ಗೊತ್ತಿಲ್ಲವೆಂದನು.

೮. ಸೊಸೆಯ ಮಾತು ನ್ಯಾಯವಾದದ್ದು. ಇಂದು ನೋಡುತ್ತಿರುವವನು ಅಣ್ಣ, ನಾಳೆ ನೋಡುವವನು ಟಗರು ಕಳ್ಳನೂ ಆಗಬಹುದು. ಆದರೆ ಬೀಗ ಬದಲಾದರೆ ಕೆಮ್ಮು ನಿಲ್ಲುತ್ತದೆ. ಹೀಗೆ ಉಭಯಸಂಕಟವಾಗಿ, ಬಹಳ ಯೋಚಿಸಿ, ಅರ್ಜಿದಾರನು ಒಂದು ದಾರಿ ಕಂಡುಕೊಂಡಿದ್ದಾನೆ.

ಚಿಕ್ಕಂದಿನಲ್ಲಿ ಇಬ್ಬರಿಗೂ ಪಾರ್ಟು ಕಲಿಸುವಾಗ, ಬಲಗಾಲು ಮುಂದಿಟ್ಟರೆ ಸಾಕು, ಅಪ್ಪ ಒಂದು ಬೈಗುಳ ಬೈಯುತ್ತಿದ್ದರು. ನಮ್ಮಿಬ್ಬರಿಗೆಂದೇ ಕಟ್ಟಿದ್ದು, ಬೇರೆ ಯಾರಿಗೂ ಬೈದದ್ದಿಲ್ಲ, ಅವ್ವನ ಕಿವಿಗೂ ಬಿದ್ದಿಲ್ಲ. ಸೊಸೆ ಕೇಳಿದಷ್ಟು ಉದ್ದವಿದೆ. ಅದರಲ್ಲಿ ಏಳು ತಲೆಮಾರಿನ ಪ್ರಸ್ತಾಪವಿರುವುದರಿಂದ ಅಂಕಿಯೂ ಆಯಿತು. ಅದು ಗೊತ್ತಿರುವವರು ಈಗ ಭೂಮಿಯ ಮೇಲೆ ಇಬ್ಬರೇ, ಗೋಡೆಯ ಈ ಕಡೆ ಒಬ್ಬ, ಆ ಕಡೆ ಒಬ್ಬ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ:

(ಅ) ತಮ್ಮ ಸ್ಥಾನದಲ್ಲಿ ಸದರಿ ಬೈಗುಳವನ್ನು ಕೂರಿಸಲು ಬಲಗಡೆ ಹೂ ದಯಪಾಲಿಸಬೇಕು. ಎಡಗಡೆ ಬಿದ್ದಲ್ಲಿ ಅದು ಫ್ಯಾನಿನ ಗಾಳಿಯ ದೋಷವೆಂದು ಪರಿಗಣಿಸಿ ಮತ್ತೊಮ್ಮೆ ಕೇಳಲಾಗುವುದು.

(ಆ) ಒ.ಟಿ.ಪಿ. ಎಂಬ ಎರಡನೇ ಚಿಲಕ ಹಾಕುವ ಯೋಚನೆಯನ್ನು ನಾಟಕ ಮುಗಿಯುವವರೆಗೆ ಸೊಸೆಗೆ ಮರೆಸಬೇಕು.

(ಇ) 'ಯಾರೂ ಊಹಿಸಬಾರದು' ಎಂಬ ನಿಯಮದಿಂದ ಒಬ್ಬನೇ ಒಬ್ಬನಿಗೆ ವಿನಾಯಿತಿ ಕೊಡಿಸಬೇಕು. ಐದು ಸಲ ತಪ್ಪಿದರೆ ಕ್ಯಾಮೆರಾ ಬಾಗಿಲು ಮುಚ್ಚುತ್ತದೆ. ನಮ್ಮಣ್ಣ ಮೊದಲಿಂದಲೂ ಸ್ವಲ್ಪ ಮಂದ. ನಾಲ್ಕನೇ ಸಲಕ್ಕಾದರೂ ಅವನಿಗೆ ಅಪ್ಪನನ್ನು ನೆನಪು ಮಾಡಿಕೊಡಬೇಕು.

ಇಂತಿ, ತಮ್ಮ ಹೆಸರನ್ನು ಇನ್ನುಮುಂದೆ ಬಾಯಲ್ಲಿ ಮಾತ್ರ ಇಟ್ಟುಕೊಳ್ಳುವ,
ತಮ್ಮ ವಿಶ್ವಾಸಿ,
ಪುಟ್ಟಸ್ವಾಮಿ

ಲಗತ್ತುಗಳು:
೧) ತೆಂಗಿನಕಾಯಿ, ಬಾಳೆಹಣ್ಣು, ತಪ್ಪುಕಾಣಿಕೆ.
೨) ಟಗರು ಗುದ್ದಿದ ಗಾಯ: ತಾಯಿಯವರಿಗೆ ತೋರಿಸುವ ಜಾಗದಲ್ಲಿ ಆಗಿಲ್ಲವಾದ್ದರಿಂದ ಲಗತ್ತಿಸಿಲ್ಲ.
೩) ಹೊಸ ಪಾಸ್‌ವರ್ಡ್: ಈ ಅರ್ಜಿಯನ್ನು ಪೂಜಾರಿ ಶಿವಯ್ಯನವರು ಗಟ್ಟಿಯಾಗಿ ಓದುವುದರಿಂದ ಲಗತ್ತಿಸಿಲ್ಲ.

ವಿಶೇಷ ಸೂಚನೆ: ಬೀಗ ಬದಲಾದ ಮಾರನೇ ಬೆಳಗ್ಗೆ ಅರ್ಜಿದಾರನು ಬೇಕೆಂತಲೇ ಬಲಗಾಲು ಮುಂದಿಟ್ಟು ಗೋಡೆಯ ಕಡೆ ಕಿವಿಗೊಟ್ಟು ನಿಲ್ಲುತ್ತಾನೆ. ಅಣ್ಣನಿಗೆ ಬೀಗ ತೆರೆದುಕೊಂಡು ಆ ಕಡೆಯಿಂದ ಉತ್ತರ ಬಂದಲ್ಲಿ ಅದು ಊರಿಗೆಲ್ಲ ಕೇಳಿಸುವಷ್ಟು ಜೋರಾಗಿಯೂ ಬಹಳ ಕೆಟ್ಟದ್ದಾಗಿಯೂ ಇರುವುದರಿಂದ, ಆ ಹೊತ್ತಿನಲ್ಲಿ ತಾವು ದಯಮಾಡಿ ಕಿವಿ ಮುಚ್ಚಿಕೊಂಡಿರಬೇಕಾಗಿ ಕೋರಿದೆ.